ಕೈಗೆ ಹತ್ತದ ಕಪ್ಪು

ಗೋಕಾಕದ ಚಿತ್ರಗಾರ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೇದಾರಿ ಮಾಸ್ತರರ ಅಚ್ಚುಮನೆಯ ಮೂಲೆಯಲ್ಲಿ ಮರೆವ್ವ ಕುಕ್ಕರಗಾಲಲ್ಲಿ ಕೂತು ಉಪ್ಪಿನ ಗಡಿಗೆಗೆ ಕೈ ಇಳಿಬಿಟ್ಟಿದ್ದಾಳೆ. ಒಂದು ಹಿಡಿ ಹರಳುಪ್ಪು ಎತ್ತುತ್ತಾಳೆ, ಮುಷ್ಟಿ ಬಿಗಿಯುತ್ತಾಳೆ, ಬಿಡಿಸಿ ಅಂಗೈ ನೋಡಿಕೊಳ್ಳುತ್ತಾಳೆ. ಮತ್ತೆ ಇನ್ನೊಂದು ಹಿಡಿ. ಅಡುಗೆಗೆ ಉಪ್ಪನ್ನು ಇಷ್ಟು ಯೋಚನೆ ಮಾಡಿ ತೆಗೆಯುವವರನ್ನು ಯಾರೂ ಕಂಡಿರಲಾರರು. ಈ ಗಡಿಗೆಯ ಉಪ್ಪು ಯಾವತ್ತೂ ಸಾರಿಗೆ ಬಿದ್ದದ್ದಲ್ಲ. ಗಾಳಿಯಲ್ಲಿ ಇವತ್ತು ತೇವ ಎಷ್ಟಿದೆ ಎಂದು ಹೇಳುವುದೊಂದೇ ಅದರ ಕೆಲಸ.

"ಉಪ್ಪು ಅಂಗೈಗೆ ಅಂಟಿತಂದ್ರ ಇವತ್ತ ಕೆಲಸ ಇಲ್ರಿ. ಮಾಸ್ತರ ಎಷ್ಟ ಸಿಟ್ಟಾಗಲಿ, ಗಿರಾಕಿ ಬಾಗಲಾಗ ನಿಂತಿರಲಿ, ಇಲ್ಲಂದ್ರ ಇಲ್ಲ," ಎನ್ನುತ್ತಾಳೆ. ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುವ ಅಗತ್ಯವೇ ಇವತ್ತು ಬರುವುದಿಲ್ಲ. ಕಾರ್ತಿಕದ ಚಳಿ ಬಿದ್ದಿದೆ, ಹರಳುಗಳು ಗರಗರ ಉದುರುತ್ತಿವೆ. "ಇವತ್ತ ಆಗತೈತಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಹಾಗೆ ಹೇಳುವಾಗ ಮುಖದಲ್ಲಿ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚು ಇದೆ. ಅದರ ಕಾರಣಕ್ಕೆ ಆಮೇಲೆ ಬರೋಣ.

ಮೊದಲು ಆಕೆಯ ಕಸುಬು ಏನೆಂದು ತಿಳಿಯಬೇಕು. ಕೇದಾರಿ ಮಾಸ್ತರರು ಹಲಗೆಯ ಮೇಲೆ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತುತ್ತಾರೆ. ಮುಂಬಯಿಯಲ್ಲಿ ಎರಡು ವರ್ಷ ಚಿತ್ರಕಲೆ ಕಲಿತು ಬಂದವರು. ಬಣ್ಣವಿಲ್ಲ, ಬರೀ ಕಪ್ಪು ಬಿಳುಪು. ಹೊಳೆ, ಧಬಧಬೆ, ಕುರಿಹಿಂಡು, ಸಂತೆಯ ಎತ್ತು. ಅಚ್ಚಾದ ಮೇಲೆ ಚಿತ್ರಕ್ಕೆ ಒಂದು ಕಾಪು ಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಮೂರು ಸಲ ಸೋಸಿ, ಅದನ್ನು ಮಂಜಿನಷ್ಟು ಸಣ್ಣಗೆ ಚಿತ್ರದ ಮೇಲೆ ಊದಬೇಕು. ಎರಡು ಹಿತ್ತಾಳೆಯ ನಳಿಗೆಗಳನ್ನು ತುದಿಗೆ ತುದಿ ಅಡ್ಡವಾಗಿ ಸೇರಿಸಿ ಬೆಸೆದ ಒಂದು ಊದುಗೊಳವೆ ಇದೆ. ಒಂದು ನಳಿಗೆ ಶೀಸೆಯೊಳಗೆ, ಇನ್ನೊಂದು ಮರೆವ್ವನ ಬಾಯಲ್ಲಿ. ಆಕೆ ಊದಿದಾಗ ಶೀಸೆಯ ಅರಗು ಮೇಲೇರಿ, ತುದಿಯಲ್ಲಿ ಒಡೆದು, ತುಂತುರಾಗಿ ಹಾರುತ್ತದೆ.

ಒಂದು ಚಿತ್ರಕ್ಕೆ ಮೂರು ಸುತ್ತು, ಸುತ್ತಿಗೆ ಎಂಟು ಉಸಿರು. ಒಳ್ಳೆಯ ದಿನ ನಲವತ್ತು ಚಿತ್ರ ಆಗುತ್ತವೆ. ಕೂಡಿಸಿ ನೋಡಿದರೆ ದಿನಕ್ಕೆ ಸಾವಿರಕ್ಕೆ ನಲವತ್ತು ಕಡಿಮೆ ಉಸಿರು. ದಸರೆಯಿಂದ ಹೋಳಿಯವರೆಗೆ ಇದೇ ಪಾಡು. ಮಳೆಗಾಲದಲ್ಲಿ ಊದುವಂತಿಲ್ಲ. ಆಗ ಔಡಲೆಣ್ಣೆಯ ದೀಪಗಳ ಮೇಲೆ ಗಡಿಗೆ ಕವುಚಿ, ಮಸಿಗೆ ಬೇಕಾದ ಕಾಡಿಗೆ ಹಿಡಿಯುವುದು ಆಕೆಯ ಕೆಲಸ. ಮಳೆಗಾಲದಲ್ಲಿ ಕಪ್ಪನ್ನು ಹುಟ್ಟಿಸುವವಳೂ ಚಳಿಗಾಲದಲ್ಲಿ ಅದನ್ನು ಕಾಯುವವಳೂ ಒಬ್ಬಳೇ. ಚಿತ್ರದ ಕೆಳಗೆ ಮಾಸ್ತರರ ಸಹಿ ಇರುತ್ತದೆ. ಚೌಕಟ್ಟು ಕಟ್ಟಿದ ಬಡಿಗನೂ ಹಿಂದುಗಡೆ ತನ್ನ ಚೀಟಿ ಅಂಟಿಸಿರುತ್ತಾನೆ. ಮರೆವ್ವನ ಹೆಸರು ಎಲ್ಲಿಯೂ ಇಲ್ಲ, ಅದು ಇರಬೇಕೆಂದು ಆಕೆಗೆ ಅನಿಸಿಯೂ ಇಲ್ಲ.

ಈ ಕೆಲಸಕ್ಕಾಗಿ ಆಕೆ ಬಿಟ್ಟದ್ದು ಎಲೆಅಡಿಕೆ. ನಮ್ಮ ಕಡೆಯ ಹೆಂಗಸರಿಗೆ ಇದು ಸಣ್ಣ ತ್ಯಾಗವಲ್ಲ. ಒಂದು ಹನಿ ಕೆಂಪು ಉಗುಳು ಕೊಳವೆಗೆ ಇಳಿದರೆ ಚಿತ್ರ ಹಾಳು. ಹದಿನೆಂಟು ವರ್ಷವಾಯಿತು, ಮದುವೆ ಮುಂಜಿವೆಯಲ್ಲೂ ಆಕೆ ವೀಳ್ಯ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡು ಬರುತ್ತಾಳೆ. ಇನ್ನು ಬಾಯಿಂದ ಹೊಡೆಯುವ ಸ್ಪಿರಿಟ್ಟಿನ ವಾಸನೆಗೆ ಓಣಿಯ ಜನ ಕಟ್ಟಿದ ಕಥೆಗಳೋ, ಕೇಳಲೇಬೇಡಿ. ಎದುರುಮನೆಯ ಹಣಮವ್ವ ಈಗಲೂ ಸಂಜೆ ಕರೆದು, "ಮರೆವ್ವಾ, ಇವತ್ತ ಎಷ್ಟ ಏರಿಸಿ ಬಂದೀಯವಾ?" ಎಂದು ಕೇಳುತ್ತಾಳೆ. ಮರೆವ್ವ ಬೇಕೆಂದೇ ಎರಡು ಹೆಜ್ಜೆ ತೂರಾಡಿ ತೋರಿಸಿ ಮನೆಗೆ ಹೋಗುತ್ತಾಳೆ.

ಮೂಡಲಗಿಯ ಹತ್ತಿರದ ಒಂದು ಸಣ್ಣ ಊರಿನ ಕುರುಬರ ಮನೆಯ ಮಗಳು ಆಕೆ. ಅಪ್ಪ ಕಂಬಳಿ ನೇಯುತ್ತಿದ್ದ. ಉಣ್ಣೆಯ ಗುಡ್ಡೆಯ ಮುಂದೆ ಕೂತು ಕಪ್ಪನ್ನು ಕಪ್ಪಿನಿಂದ ಬೇರೆ ಮಾಡುವುದು ಮನೆಯ ಹೆಣ್ಣುಮಕ್ಕಳ ಕೆಲಸ. ನೋಡುವವರಿಗೆ ಎಲ್ಲವೂ ಕರಿ ಉಣ್ಣೆಯೇ. ಆದರೆ ಬಿಸಿಲಿಗೆ ಬೆಂದು ತುದಿ ಕೆಂಚಾದದ್ದು ಒಂದು, ಮರಿಯ ಮೊದಲ ಕತ್ತರಿಯದು ಇನ್ನೊಂದು, ಮುದಿ ಕುರಿಯ ಬೂದುಗಪ್ಪು ಮತ್ತೊಂದು. ಎಂಟು ವರ್ಷದವಳಿದ್ದಾಗ ಮೂಡಲಗಿಯ ಸಂತೆಯಲ್ಲಿ ವ್ಯಾಪಾರಿಯೊಬ್ಬ ಬಣ್ಣ ಹಾಕಿದ ಉಣ್ಣೆಯನ್ನು ಹುಟ್ಟುಗಪ್ಪೆಂದು ಅಪ್ಪನಿಗೆ ಕಟ್ಟಲು ಬಂದಿದ್ದನಂತೆ. ಹುಡುಗಿ ಉಣ್ಣೆಯನ್ನು ಎಂಜಲಲ್ಲಿ ಹೊಸೆದು ಅಪ್ಪನ ತಲೆಯ ಬಿಳಿ ಪಟಗಕ್ಕೆ ಒರೆಸಿ ತೋರಿಸಿದಳು. ಪಟಗ ಹಾಳಾಯಿತೆಂದು ಅಪ್ಪ ಒಂದು ಏಟು ಬಿಟ್ಟ, ಉಣ್ಣೆ ಉಳಿಯಿತೆಂದು ಬೆಂಡು ಬತ್ತಾಸು ಕೊಡಿಸಿದ.

ಇಪ್ಪತ್ತು ವರ್ಷದ ಹಿಂದೆ ಊರೂರನ್ನೇ ಬಡಿದ ದೊಡ್ಡ ಜ್ವರದಲ್ಲಿ ಗಂಡ ಹೊಳೆಪ್ಪ ಮೂರೇ ದಿನದಲ್ಲಿ ತೀರಿಕೊಂಡ. ಕಂಕುಳಲ್ಲಿ ಒಂದು ವರ್ಷದ ಯಲ್ಲವ್ವ. ಎರಡು ವರ್ಷ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಗೋಕಾಕಕ್ಕೆ ಬಂದು ಮಾಸ್ತರರ ಅಚ್ಚುಮನೆಯ ಕಸ ಬಳಿಯಲು ನಿಂತಳು. ಆಗ ಮಾಸ್ತರರು ಅರಗನ್ನು ಕುಂಚದಲ್ಲಿ ಬಳಿಯುತ್ತಿದ್ದರು. ಅದು ಕಾಗದದೊಳಕ್ಕೆ ಇಳಿದು ಎಣ್ಣೆ ಬಿದ್ದ ಹಾಗೆ ಹಳದಿಯಾಗುತ್ತಿತ್ತು. ಒಂದು ದಿನ ಕಸಬರಿಗೆ ಹಿಡಿದುಕೊಂಡೇ ಮರೆವ್ವ, "ಮಾಸ್ತರ, ನಮ್ಮಪ್ಪ ನೂಲಿಗೆ ಹುಣಸಿ ಬೀಜದ ಗಂಜಿ ಕುಡಿಸತಿದ್ದ. ಕಾಗದಕ್ಕೂ ಮೊದಲ ಹೊಟ್ಟಿ ತುಂಬಿಸಿದ್ರ ಆಮ್ಯಾಲ ಅರಗು ಕುಡ್ಯಾಂಗಿಲ್ರಿ," ಎಂದಳು. ಮಾಸ್ತರರು ಮೊದಲು ನಕ್ಕರು, ಮಾರನೆಯ ದಿನ ಹುಣಸೆ ಬೀಜ ತರಿಸಿದರು. ಅವತ್ತಿನಿಂದ ಕಸಬರಿಗೆ ಬೇರೆಯವರ ಕೈಗೆ ಹೋಯಿತು, ಊದುಗೊಳವೆ ಮರೆವ್ವನ ಕೈಗೆ ಬಂತು.

ಚಿತ್ರದ ಕಪ್ಪಿಗೂ ಆಕೆ ತನ್ನದೇ ಹೆಸರುಗಳನ್ನು ಇಟ್ಟಿದ್ದಾಳೆ. ಕಾಪು ಇಲ್ಲದ, ಒಣಗಿದ ಅಚ್ಚಿನ ಕಪ್ಪು ಬಿಸಲಗರಿ, ಎಂದರೆ ಬಿಸಿಲಿನ ಕರಿ. ಅದು ಮೇಲೆ ಧೂಳು ಕೂತ ಹಾಗೆ ಮಂಕಾಗಿರುತ್ತದೆ. ಕಪ್ಪಿನೊಳಗಿನ ಸಣ್ಣ ಗೆರೆಗಳು ಅದರಲ್ಲಿ ಕಾಣುವುದಿಲ್ಲ. ತೆಳ್ಳಗೆ ಊದಿದರೆ ಅದೇ ಕಪ್ಪು ಮಳಿಗರಿಯಾಗುತ್ತದೆ. ಮಳೆಗೆ ನೆನೆದ ಕಂಬಳಿಯ ಕಪ್ಪು ಅದು, ಆಳವಾಗುತ್ತದೆ, ಒಳಗಿನದೆಲ್ಲ ಎದ್ದು ಬರುತ್ತದೆ. ಒಂದು ಸುತ್ತು ಹೆಚ್ಚಾಯಿತೋ, ಎಣ್ಣಿಗರಿ. "ಎಣ್ಣಿಗರಿ ಆದ್ರ ಚಿತ್ರ ಕಾಣಂಗಿಲ್ರಿ, ನಿಮ್ಮ ಮೂಗು ಕಾಣತೈತಿ, ಹಿಂದಿನ ಕಿಡಕಿ ಕಾಣತೈತಿ. ಕನ್ನಡಿ ಬೇಕಂದ್ರ ಸಂತ್ಯಾಗ ಸಿಗತಾವಲ್ರಿ," ಎಂದು ನಗುತ್ತಾಳೆ. ಮಾಸ್ತರರ ಚಿತ್ರಗಳನ್ನು ಮೆಚ್ಚಿ ದೂರದಿಂದ ಬರುವವರು ಆ ಮಳಿಗರಿಯನ್ನೇ ಮೆಚ್ಚಿ ಬರುತ್ತಾರೆ. ಅವರಲ್ಲಿ ಯಾರಿಗೂ ಅದು ಯಾರ ಉಸಿರೆಂದು ಗೊತ್ತಿಲ್ಲ.

ಇವತ್ತಿನ ಹೆದರಿಕೆಗೆ ಕಾರಣ ಒಂದು ಚಿತ್ರ. ಅದು ಅಚ್ಚುಮನೆಯ ಪೆಟ್ಟಿಗೆಯ ತಳದಲ್ಲಿ ನಾಲ್ಕು ವರ್ಷದಿಂದ ಮಲಗಿತ್ತು. ನಿನ್ನೆ ಅದನ್ನು ಹೊರಗೆ ತೆಗೆದಿದ್ದಾರೆ.

ಯಲ್ಲವ್ವನನ್ನು ಹುಕ್ಕೇರಿಗೆ ಕೊಟ್ಟಿತ್ತು. ಐದು ವರ್ಷದ ಹಿಂದೆ ಒಂದು ಮಳೆಗಾಲದ ಸಂಜೆ ಆಕೆ ಕೂಸನ್ನು ಕಂಬಳಿಯ ಕೊಪ್ಪೆಯೊಳಗೆ ಅವುಚಿಕೊಂಡು, ನೀರು ಸೋರಿಸುತ್ತ, ತವರಿಗೆಂದು ಈ ಅಚ್ಚುಮನೆಯ ಬಾಗಿಲಿಗೇ ಬಂದು ನಿಂತಳು. ಗಾಡಿಯ ಕೀಲು ಮುರಿದು ಕೊನೆಯ ಹರದಾರಿ ನಡೆದೇ ಬಂದಿದ್ದಳು. ಮಾಸ್ತರರು, "ತಂಗಿ, ಹಂಗ ನಿಂದ್ರು, ಒಳಗ ಬರಬ್ಯಾಡ," ಎಂದು ಕೂಗಿ ಸೀಸದ ಕಡ್ಡಿ ಹುಡುಕಿದರು. ಮರೆವ್ವ ಬೈದಳು, ಮಗಳು ನಕ್ಕಳು. ನಗುವಿನ ಕೊನೆ ಇನ್ನೂ ಮುಖದಲ್ಲಿರುವಾಗಲೇ ಮಾಸ್ತರರು ಬರೆದುಕೊಂಡರು. ಎರಡು ತಿಂಗಳು ಕೂತು ಅದನ್ನು ಹಲಗೆಯಲ್ಲಿ ಕೆತ್ತಿದರು. ಅವರ ಕೈ ಗಟ್ಟಿಯಾಗಿದ್ದ ಕಾಲದ ಕೊನೆಯ ಹಲಗೆ ಅದು. ಎರಡು ಅಚ್ಚು ತೆಗೆಯುವಷ್ಟರಲ್ಲಿ ಹಲಗೆ ನಡುವೆ ಸೀಳಿತು. ಈಗ ಮಾಸ್ತರರ ಬಲಗೈ ಚಹದ ಬಟ್ಟಲನ್ನೂ ನಡುಗದೆ ಹಿಡಿಯಲಾರದು, ಹಳೆಯ ಹಲಗೆಗಳಿಂದಲೇ ಅಚ್ಚು ತೆಗೆಯುತ್ತಾರೆ.

ಮುಂದಿನ ವರ್ಷ ಎರಡನೆಯ ಹೆರಿಗೆಯಲ್ಲಿ ಯಲ್ಲವ್ವ ಉಳಿಯಲಿಲ್ಲ, ಹೊಟ್ಟೆಯಲ್ಲಿದ್ದದ್ದೂ ಉಳಿಯಲಿಲ್ಲ. ಫೋಟೋ ತೆಗೆಸಿದವರಲ್ಲ. ಆ ಮುಖ ಈ ಲೋಕದಲ್ಲಿ ಉಳಿದದ್ದು ಆ ಎರಡು ಕಾಗದಗಳ ಮೇಲೆ ಮಾತ್ರ. ಅವುಗಳಲ್ಲಿ ಒಂದನ್ನು ಮರೆವ್ವ ತನ್ನ ಕೈಯಾರೆ ಕಳೆದಳು.

ಅದನ್ನು ಹೇಳುವಾಗ ಆಕೆ ನೆಲ ನೋಡುತ್ತಾಳೆ. ಮಗಳು ತೀರಿಹೋದ ತಿಂಗಳು ಅದು, ಶ್ರಾವಣದ ಜಿನುಗು ಮಳೆ. ಉಪ್ಪು ಕೈಗೆ ಅಂಟುತ್ತಿತ್ತು. ಎರಡು ದಿನ ಬಿಸಿಲು ಬಿದ್ದು ಉಪ್ಪು ಉದುರಿತು, ಆಕೆ ಊದಿದಳು. ಕಪ್ಪು ಮಳಿಗರಿಯಾಗಿ ಬಂತು. ಹಸಿ ಅರಗಿನ ಮೇಲೆ ಧೂಳು ಕೂರಬಾರದೆಂದು ಚೌಕಟ್ಟಿನ ಮೇಲೆ ತನ್ನ ಕಂಬಳಿ ಹೊದಿಸಿದಳು. ಕುರುಬರ ಮನೆಯಲ್ಲಿ ಹುಟ್ಟಿದವರು ಯಾವುದಕ್ಕಾದರೂ ಕಾಪು ಮಾಡಬೇಕೆಂದರೆ ಕಂಬಳಿಯನ್ನೇ ಹೊದಿಸುವುದು. ಕೂಸಿಗೂ ಅದೇ, ಕಾಳಿನ ರಾಶಿಗೂ ಅದೇ, ಹೆಣಕ್ಕೂ ಅದೇ. ಕಂಬಳಿ ಮುಟ್ಟಿದರೆ ಒಣಗಿತ್ತು. ಆದರೆ ಉಣ್ಣೆ ನೀರನ್ನು ಒಳಗೆ ಇಟ್ಟುಕೊಂಡು ಮೇಲೆ ಒಣಗಿದ ಹಾಗೆ ಇರುತ್ತದೆ, ಹಿಂದಿನ ವಾರದ ಮಳೆ ಇನ್ನೂ ಅದರೊಳಗಿತ್ತು. ಗಳಿಗೆಯ ಮೇಲೆ ತೆಗೆದು ನೋಡಿದರೆ ಮಗಳ ಮುಖದ ಮೇಲೆಲ್ಲ ಬೂದಿ ಬಳಿದ ಹಾಗೆ ಬೆಳ್ಳಗಾಗಿದೆ.

"ತಲಿ ಕೆಟ್ಟಂಗಾತ್ರಿ. ಸ್ಪಿರಿಟ್ಟಿನ ಅರಿವಿ ತಗೊಂಡ ವರಸಿಬಿಟ್ನಿ. ಬಿಳೇದು ಹೋತು, ಅದರ ಜೋಡಿ ಕರೇದೂ ಬಂತು. ನನ್ನ ಅರಿವ್ಯಾಗ ನನ್ನ ಮಗಳ ಮಾರಿ," ಎನ್ನುತ್ತಾಳೆ ಮರೆವ್ವ.

ಮಾಸ್ತರರು ಅವತ್ತೇ ಉಳಿದ ಇನ್ನೊಂದು ಅಚ್ಚನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟರು. ಮಾರನೆಯ ದಿನ ಕೆಟ್ಟುಹೋದ ಅಚ್ಚುಗಳ ಒಂದು ಕಟ್ಟನ್ನು ತಂದು ಮರೆವ್ವನ ಮುಂದೆ ಇಟ್ಟು, "ಇವು ಹೆಂಗೂ ಒಲಿಗೆ ಹೋಗಾವು," ಎಂದಷ್ಟೇ ಹೇಳಿದರು. ನಾಲ್ಕು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ರದ್ದಿ ಚಿತ್ರಗಳ ಮೇಲೆ ಆಕೆ ಊದಿದ್ದಾಳೆ. ಬೇಕೆಂದೇ ಹಸಿ ಕಂಬಳಿ ಹೊದಿಸಿ ಬೆಳ್ಳಗೆ ಮಾಡಿದ್ದಾಳೆ, ಆ ಬಿಳಿಯನ್ನು ಕಳೆಯುವುದು ಹೇಗೆಂದು ಹುಡುಕಿದ್ದಾಳೆ. ಬೆಳ್ಳಗಾದ ಮಾತ್ರಕ್ಕೆ ಚಿತ್ರ ಸತ್ತಿಲ್ಲ, ಒರೆಸುವ ಕೈಯೇ ಅದನ್ನು ಕೊಲ್ಲುವುದು ಎಂದು ಆಕೆಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಗೊತ್ತಾದ ದಿನ ಸಂಜೆಯವರೆಗೆ ಅತ್ತಳಂತೆ. ಆದರೂ ಪೆಟ್ಟಿಗೆಯ ತಳದ ಚಿತ್ರವನ್ನು ಮಾತ್ರ ಮುಟ್ಟಲಿಲ್ಲ.

ಮುಟ್ಟುವ ಹಾಗೆ ಮಾಡಿದವಳು ಮೊಮ್ಮಗಳು. ಕಂಬಳಿಯ ಕೊಪ್ಪೆಯಲ್ಲಿ ಬಂದಿದ್ದ ಆ ಕೂಸಿಗೆ ಈಗ ಆರು ವರ್ಷ. ಮುತ್ತಜ್ಜಿಯ ಹೆಸರಿಟ್ಟಿದ್ದಾರೆ, ಮುದಕವ್ವ. ಹಾಲುಹಲ್ಲು ಬಿದ್ದ ಮುದಕವ್ವ ಹೋದ ಪಂಚಮಿಗೆ ಹುಕ್ಕೇರಿಯಿಂದ ಬಂದಾಗ, ಅವ್ವ ಹೇಗಿದ್ದಳು ಎಂದು ಹಠ ಹಿಡಿದಳು. ಮಾಸ್ತರರು ಪೆಟ್ಟಿಗೆ ತೆಗೆದು ತೋರಿಸಿದರು. ಅವರ ಮಸಿಯಲ್ಲಿ ಕಾಡಿಗೆ ಜಾಸ್ತಿ, ಅಗಸೆ ಎಣ್ಣೆ ಕಡಿಮೆ. ಕಪ್ಪು ಗಾಢವಾಗಿ ಬರುತ್ತದೆ, ಆದರೆ ಕಾಪು ಇಲ್ಲದಿದ್ದರೆ ವರ್ಷಗಳ ಮೇಲೂ ಕೈಗೆ ಬರುತ್ತದೆ. ಯಾರಾದರೂ ಬೇಡವೆನ್ನುವ ಮೊದಲೇ ಮಗು ಚಿತ್ರದ ಕೆನ್ನೆ ಸವರಿಬಿಟ್ಟಿತು. ಬೆರಳು ಕಪ್ಪಾಯಿತು, ಕೆನ್ನೆಯ ಪಕ್ಕದಲ್ಲಿ ಮಸುಕಾದ ಒಂದು ಗುರುತು ಬಿತ್ತು.

"ಆಯಿ, ನಾ ಅವ್ವನ ಅಳಿಸಿಬಿಟ್ಟೆ," ಎಂದು ಮಗು ಅಜ್ಜಿಯ ಸೆರಗು ಹಿಡಿದು ಅತ್ತದ್ದು ಓಣಿಗೆಲ್ಲ ಕೇಳಿಸಿತು. ಊಟ ಮಾಡಲಿಲ್ಲ. ಮರುದಿನ ಹೋಗುವಾಗ, ಇನ್ನು ಆ ಚಿತ್ರ ತೋರಿಸಬೇಡಿ ಎಂದು ಹೇಳಿ ಗಾಡಿ ಹತ್ತಿತು. ಅವತ್ತು ಮರೆವ್ವ ಅಳಿಯ ರಾಚಪ್ಪನಿಗೆ ಹೇಳಿ ಕಳಿಸಿದಳು: ಕಾರ್ತಿಕದಲ್ಲಿ ಗಾಳಿ ಒಣಗಿದ ಮೇಲೆ ಕೂಸನ್ನು ಕರೆದುಕೊಂಡು ಬಾ. ತಂದೆ ಮಗಳು ನಿನ್ನೆ ಸಂಜೆ ಬಂದಿದ್ದಾರೆ.

ಬಿಸಿಲು ಅಂಗಳದ ನಡುವಿಗೆ ಬಂದಿದೆ. ನಿನ್ನೆಯೇ ಹುಣಸೆ ಬೀಜದ ಗಂಜಿಯನ್ನು ತೆಳ್ಳಗೆ ಊದಿ, ಒಣಗಿಸಿ, ಕಲ್ಲಿನ ಕೆಳಗೆ ಇಟ್ಟಿದ್ದಾಯಿತು. ಈಗ ಚಿತ್ರವನ್ನು ಗೋಡೆಯ ಹಲಗೆಗೆ ನಿಲ್ಲಿಸಿದ್ದಾರೆ. ಯಲ್ಲವ್ವನ ಮುಖ, ಸುತ್ತ ಕಂಬಳಿ, ಹಿಂದೆ ಮಳೆ. ಎಲ್ಲವೂ ಬಿಸಲಗರಿ, ಮಂಕು. ಕೆನ್ನೆಯ ಪಕ್ಕದ ಗುರುತನ್ನು ಸಣ್ಣ ಕುಂಚದಲ್ಲಿ ತಿದ್ದಿಕೊಡಲೇ ಎಂದು ಮಾಸ್ತರರು ಕೇಳುತ್ತಾರೆ.

"ಬ್ಯಾಡ್ರಿ ಮಾಸ್ತರ. ಕೂಸಿನ ಬೆರಳಿನ ಗುರುತು ಐತಿ, ಇರಲಿ," ಎನ್ನುತ್ತಾಳೆ ಮರೆವ್ವ. ನಡುಗುವ ಕೈಯ ಮಾಸ್ತರರು ಕೇಳಿದ್ದೇ ದೊಡ್ಡ ಮಾತೆಂದು ಆಕೆಗೆ ಗೊತ್ತಿದೆ.

ಬಾಯಿ ಮುಕ್ಕಳಿಸಿ, ಒಂದೂವರೆ ಮೊಳ ದೂರ ನಿಂತು, ಕೊಳವೆ ಬಾಯಿಗಿಡುತ್ತಾಳೆ. ಮೊದಲ ಉಸಿರು ಚಿತ್ರದ ಮೇಲಲ್ಲ, ಪಕ್ಕದ ರದ್ದಿಯ ಮೇಲೆ. ಹನಿ ದಪ್ಪವಿಲ್ಲ. ಆಮೇಲೆ ಎಡದಿಂದ ಬಲಕ್ಕೆ, ನಿಲ್ಲದೆ, ನಿಧಾನವಾಗಿ. ಎಂಟು ಉಸಿರು. ಒಣಗಲು ಬಿಟ್ಟು ಕಾಯುತ್ತಾಳೆ. ಕಪ್ಪು ಕಣ್ಣೆದುರಿಗೇ ಆಳವಾಗುತ್ತ ಹೋಗುತ್ತದೆ. ಮಳೆಯ ಗೆರೆಗಳು ಬಿಡಿಬಿಡಿಯಾಗುತ್ತವೆ. ಬಾಗಿಲಲ್ಲಿ ನಿಂತ ರಾಚಪ್ಪ, ಆರು ತಿಂಗಳ ಹಿಂದೆಯಷ್ಟೇ ಮರುಮದುವೆಯಾದವನು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ.

ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಕೋಣೆಯ ತುಂಬ ಸ್ಪಿರಿಟ್ಟಿನ ಘಾಟು. ಅಪ್ಪನ ಹಿಂದೆ ನಿಂತ ಮುದಕವ್ವ ಕೆಮ್ಮತೊಡಗುತ್ತಾಳೆ. ಮಾಸ್ತರರಿಗೆ ಮಗುವೆಂದರೆ ಜೀವ. ಯಾರಿಗೂ ಹೇಳದೆ ಎದ್ದು ಹೊಳೆಯ ಕಡೆಯ ಕಿಟಕಿ ತೆರೆದುಬಿಡುತ್ತಾರೆ. ಹೊಳೆಯ ತಣ್ಣನೆಯ ಗಾಳಿ ಒಂದೇ ಸಲ ಒಳಗೆ ನುಗ್ಗುತ್ತದೆ. ಚಿತ್ರದ ಕೆಳಗಿನ ಮೂಲೆಯಲ್ಲಿ ಮಸುಕು ಬಿಳಿ ಏಳುತ್ತದೆ, ಕಂಬಳಿಯ ಮೇಲೆ ಹತ್ತುತ್ತದೆ, ಕೆನ್ನೆಗೆ ಬರುತ್ತದೆ.

"ಅಯ್ಯೋ ಶಿವನ, ನಾ ಏನ್ ಮಾಡಿದೆ!" ಮಾಸ್ತರರು ಮೇಜಿನ ಮೇಲಿನ ಅರಿವೆ ಕಿತ್ತುಕೊಂಡು ಚಿತ್ರದ ಹತ್ತಿರ ಧಾವಿಸುತ್ತಾರೆ.

"ಮಾಸ್ತರ, ಕೈ ತಗೀರಿ!"

ಹದಿನೆಂಟು ವರ್ಷದಲ್ಲಿ ಮರೆವ್ವ ಮಾಸ್ತರರ ಮೇಲೆ ದನಿ ಏರಿಸಿದ್ದು ಇದೇ ಮೊದಲು. ಅರಿವೆ ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. "ರಾಚಪ್ಪ, ಕಿಡಕಿ ಹಾಕಪ್ಪಾ. ಯಾರೂ ಮುಟ್ಟಬ್ಯಾಡ್ರಿ. ತ್ಯಾವ ಹೊಕ್ಕೈತಿ, ತಾನ ಹೊಳ್ಳಿ ಹೋಗತೈತಿ." ಮಾತು ಗಟ್ಟಿಯಾಗಿದೆ. ಆಕೆ ಶೀಸೆ ಬದಲಿಸುತ್ತಾಳೆ. ಈಗಿನ ಶೀಸೆಯಲ್ಲಿ ಅರಗಿಲ್ಲ, ಬರೀ ಸ್ಪಿರಿಟ್ಟು. ಅದು ಚಿತ್ರದ ಮೇಲಿನ ಅರಗನ್ನು ಮತ್ತೆ ಮೆತ್ತಗೆ ಮಾಡಿದರೆ ಒಳಗಿನ ತೇವ ಹಾರಿಹೋಗುತ್ತದೆ. ಕೊಳವೆ ತೊಳೆದು, ಈ ಸಲ ಎರಡು ಮೊಳ ಹಿಂದೆ ಸರಿದು ನಿಲ್ಲುತ್ತಾಳೆ. ಹತ್ತಿರವಾದರೆ ಹನಿಯಾಗಿ ಇಳಿದು ಅರಗನ್ನೂ ಮಸಿಯನ್ನೂ ಕರಗಿಸುತ್ತದೆ, ದೂರವಾದರೆ ದಾರಿಯಲ್ಲೇ ಆರಿಹೋಗುತ್ತದೆ. ಮುನ್ನೂರು ರದ್ದಿ ಚಿತ್ರಗಳು ಆಕೆಗೆ ಕಲಿಸಿದ ಅಳತೆ ಅದು. ಒಂದು ಉದ್ದನೆಯ ಉಸಿರು. ಕಾಯುತ್ತಾಳೆ. ಇನ್ನೊಂದು.

ಮೂರನೆಯದಕ್ಕೆ ಉಸಿರು ಎಳೆದುಕೊಂಡವಳು ಊದದೆ ಹಾಗೆಯೇ ಬಿಡುತ್ತಾಳೆ. ಬಿಳಿ ತೆಳ್ಳಗಾಗುತ್ತಿದೆ. ಮೊದಲು ಹಣೆ, ಆಮೇಲೆ ಕಣ್ಣು, ಆಮೇಲೆ ಆ ನಗುವಿನ ಕೊನೆ ಹೊರಗೆ ಬರುತ್ತದೆ. ಕಂಬಳಿಯ ಮಡಿಕೆ ಕರ್ರಗೆ ಆಳವಾಗುತ್ತದೆ. ಮರೆವ್ವ ಅಲ್ಲೇ ಗೋಡೆಗೆ ಒರಗಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಾಳೆ. ಮಾಸ್ತರರು ಅರಿವೆಯನ್ನು ಮಡಿಸಿ ಮಡಿಸಿ ಮುಷ್ಟಿಯಷ್ಟು ಮಾಡಿ ಕೈಯಲ್ಲೇ ಹಿಡಿದುಕೊಂಡಿದ್ದಾರೆ.

"ಮೂರನೇ ಸುತ್ತು?" ಎಂದು ಮಾಸ್ತರರು ಕೇಳುತ್ತಾರೆ.

"ಬ್ಯಾಡ್ರಿ. ಸಾಕು. ಸ್ಪಿರಿಟ್ಟಿಗೆ ಅರಗ ಮತ್ತ ಕರಗಿ ಕೂಡೇತಿ, ಇನ್ನೊಂದ ಸುತ್ತ ಹಾಕಿದ್ರ ಹೊಳಪ ಬರತೈತಿ. ನನ್ನ ಮಗಳ ಮೈಯಾಗ ಕಿಡಕಿ ಕಾಣೂದ ಬ್ಯಾಡ."

ಊಟದ ಹೊತ್ತು ದಾಟುವಷ್ಟರಲ್ಲಿ ಚಿತ್ರ ಒಣಗುತ್ತದೆ. ಮರೆವ್ವ ಮೊದಲು ತನ್ನ ಬೆರಳಿನ ಹಿಂಭಾಗದಿಂದ ಮೂಲೆ ಮುಟ್ಟಿ ನೋಡುತ್ತಾಳೆ, ಆಮೇಲೆ ಮೊಮ್ಮಗಳನ್ನು ಕರೆಯುತ್ತಾಳೆ. ಮಗು ಬರುವುದಿಲ್ಲ. ಕಂಬಕ್ಕೆ ಅಂಟಿಕೊಂಡು ನಿಂತಿದೆ. ರಾಚಪ್ಪ ಕರೆದರೂ ಇಲ್ಲ, ಮಾಸ್ತರರು ಬೆಲ್ಲ ತೋರಿಸಿದರೂ ಇಲ್ಲ. ಮರೆವ್ವ ಒತ್ತಾಯ ಮಾಡದೆ ಚಿತ್ರವನ್ನು ನೆಲಕ್ಕೆ ಇಳಿಸಿ, ಗೋಡೆಗೆ ಒರಗಿಸಿ, ಪಕ್ಕದಲ್ಲಿ ಕೂರುತ್ತಾಳೆ. ಸ್ವಲ್ಪ ಹೊತ್ತಿಗೆ ಮಗು ತಾನೇ ಬಂದು ಆಯಿಯ ತೊಡೆಗೆ ಒರಗಿ ನಿಲ್ಲುತ್ತದೆ.

"ಮುಟ್ಟು," ಎನ್ನುತ್ತಾಳೆ ಮರೆವ್ವ.

"ಅಳಸ್ತೈತಿ."

"ಇನ್ನ ಅಳಸಂಗಿಲ್ಲ. ಮುಟ್ಟು."

ಮುದಕವ್ವ ಬೆರಳ ತುದಿ ತಾಗಿಸಿ ಕೂಡಲೇ ತೆಗೆಯುತ್ತಾಳೆ, ಬೆರಳು ನೋಡಿಕೊಳ್ಳುತ್ತಾಳೆ. ಏನೂ ಇಲ್ಲ. ಈ ಸಲ ಇಡೀ ಅಂಗೈಯನ್ನು ಅವ್ವನ ಕೆನ್ನೆಯ ಮೇಲೆ ಇಟ್ಟು ಒತ್ತುತ್ತಾಳೆ. ಸವರುತ್ತಾಳೆ. ಹಣೆ, ಮೂಗು, ಕಂಬಳಿಯ ಅಂಚು. ಬೆರಳು ಕಂಬಳಿಯ ಮಡಿಕೆಯ ಕತ್ತಲಿಗೆ ಇಳಿದು ಅಲ್ಲೊಂದು ಕಡೆ ನಿಲ್ಲುತ್ತದೆ. ಬೆಳಿಗ್ಗೆಯವರೆಗೆ ಅಲ್ಲಿ ಬರೀ ಮಂಕು ಕಪ್ಪಿತ್ತು. ಈಗ ಕಪ್ಪಿನೊಳಗೆ ಕೂದಲೆಳೆಯಂಥ ಐದು ಗೆರೆಗಳು ಕಾಣುತ್ತಿವೆ.

"ಆಯಿ, ಇಲ್ಲೊಂದ ಸಣ್ಣ ಕೈ ಐತಿ. ಯಾರ್ದ ಇದು?"

"ನಿಂದ, ಹುಚ್ಚಿ. ಅವ್ವನ ಕುಬಸಾ ಹಿಡಕೊಂಡ ಮಲಗಿದ್ದಿ."

ಮಗು ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತದೆ. ಮಾಸ್ತರರು ಅಂಗಳಕ್ಕೆ ಹೋಗಿ ನಿಲ್ಲುತ್ತಾರೆ. ಆ ಕೈಯನ್ನು ಕೆತ್ತಿದ್ದು ಅವರೇ. ಹಾಳಾದ ಅಚ್ಚಿನಲ್ಲಿ ಅದನ್ನು ನೋಡುವ ಮೊದಲೇ ಕಂಬಳಿ ಬಿದ್ದಿತ್ತು, ಅದು ಕಾಗದದ ಮೇಲೆ ಎದ್ದು ಕಂಡದ್ದನ್ನು ಅವರೂ ನೋಡುತ್ತಿರುವುದು ಇವತ್ತೇ.

ನಾಳೆ ಬೆಳಿಗ್ಗೆ ಚಿತ್ರ ಹುಕ್ಕೇರಿಗೆ ಹೊರಡುತ್ತದೆ. ರಾಚಪ್ಪನ ಹೊಸ ಹೆಂಡತಿಯೇ ಅದನ್ನು ತರಬೇಕೆಂದು ಹೇಳಿ ಕಳಿಸಿದ್ದಾಳಂತೆ, ಪಡಸಾಲೆಯಲ್ಲಿ ಜಾಗ ಮಾಡಿದ್ದಾಳಂತೆ. ದೇವರ ಪಟಗಳ ಸಾಲಿನಲ್ಲಿ, ತೊಲೆಯ ಕೆಳಗೆ, ಎತ್ತರದಲ್ಲಿ. ಇಷ್ಟು ವರ್ಷ ಊದಿದ್ದಕ್ಕೆ ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಮರೆವ್ವ ಮೊದಲು ತಲೆ ಅಲ್ಲಾಡಿಸುತ್ತಾಳೆ. ಚಿತ್ರದ ಮುಂದೆ ಕೂತ ಮೊಮ್ಮಗಳನ್ನು ನೋಡುತ್ತಾಳೆ, ಆಮೇಲೆ ಅಳಿಯನನ್ನು ನೋಡುತ್ತಾಳೆ.

"ಒಂದ ಐತ್ರಿ. ಅಷ್ಟ ಮ್ಯಾಲ ಹಾಕಬ್ಯಾಡಪಾ ರಾಚಪ್ಪ. ಮೊಳಿ ತೆಳಗ ಬಡಿ. ಕೂಸಿನ ಕೈಗೆ ಎಟಕಬೇಕು."